ಮಂಗಳ ಗ್ರಹಕ್ಕೆಂದು ಎತ್ತಿದ ಬಾಂದಗಲ್ಲು

ಹೋದ ತಿಂಗಳು ಅಪ್ಪನ ರಕ್ತ ತಪಾಸಣೆಗೆಂದು ಬೈಲಹೊಂಗಲದ ಒಂದು ದವಾಖಾನೆಗೆ ಹೋಗಿದ್ದೆ. ನರ್ಸ್ ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಅಪ್ಪನ ತೋಳು ಒರೆಸಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಅಲ್ಲಿ ಕೂರಲಾಗಲಿಲ್ಲ. ಎದ್ದು ಹೊರಗೆ ಬಂದು ಬಾಗಿಲ ಬಳಿ ನಿಂತೆ. ಅಪ್ಪ ತೋಳು ಮಡಚಿಕೊಂಡೇ ಹಿಂದೆ ಬಂದು, "ರಕ್ತ ತಗದದ್ದು ನಂದು, ನಿನಗೇನಾತು?" ಎಂದು ನಕ್ಕರು. ನಾನೂ ನಕ್ಕಂತೆ ಮಾಡಿದೆ. ಬೇರೆಯವರಿಗೆ ಆ ವಾಸನೆ ಸೂಜಿಯನ್ನು ನೆನಪಿಸುತ್ತದೆ. ನನಗೆ ನೆನಪಾಗುವುದು ಒಂದು ಬೇಸಿಗೆ, ತೊರಗಲ್ಲಿನ ಆಚೆಯ ಒಂದು ಮಡ್ಡಿ, ಮತ್ತು ನಾನು ಬಾಯಿ ಮುಚ್ಚಿಕೊಂಡು ನಿಂತ ಒಂದು ಮಧ್ಯಾಹ್ನ.

ಒಂಬತ್ತು ವರ್ಷದ ಹಿಂದಿನ ಮಾತು. ನಾನಾಗ ಒಂದು ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದೆ. ಮಂಗಳ ಗ್ರಹದ ನೆಲ ಒಣ ಒಣ. ಅಲ್ಲಿ ಬೀಳುವ ಸೂರ್ಯನ ಕಿರಣ ಜೀವ ಸುಡುವಂಥದು. ಅಂಥಲ್ಲಿ ಎಂದಾದರೂ ಒಂದು ಸಣ್ಣ ಜೀವಿ ಬದುಕಿದ್ದರೆ ಎಲ್ಲಿ ಅಡಗಿದ್ದೀತು ಎಂಬುದು ನಮ್ಮ ಪ್ರಶ್ನೆ. ಅಲ್ಲಿಗೆ ಹೋಗಿ ನೋಡುವುದು ಆಗದ ಮಾತು. ಆದ್ದರಿಂದ ಭೂಮಿಯ ಮೇಲೆಯೇ ಅದನ್ನು ಹೋಲುವ ಬರಡು ಜಾಗಗಳನ್ನು ಹುಡುಕಿ, ಅಲ್ಲಿನ ಜೀವಿಗಳು ಹೇಗೆ ತಲೆಮರೆಸಿಕೊಂಡು ಬದುಕುತ್ತವೆ ಎಂದು ನೋಡುತ್ತಾರೆ. ನನ್ನ ಪಾಲಿಗೆ ಬಂದದ್ದು ಬೆಣಚುಕಲ್ಲು. ಅದು ಬಿಳಿ ಕಲ್ಲು, ಸ್ವಲ್ಪ ಬೆಳಕನ್ನು ಒಳಗೆ ಬಿಡುತ್ತದೆ. ಬರೀ ಬಿಸಿಲಿನಲ್ಲಿ ಸುಟ್ಟುಹೋಗುವ ಪಾಚಿಯಂಥ ಸೂಕ್ಷ್ಮಜೀವಿಗಳು ಅದರ ಕೆಳಗೆ, ರಾತ್ರಿಯ ಇಬ್ಬನಿಯ ತೇವ ಹಿಡಿದುಕೊಂಡು, ಸೋಸಿ ಬಂದ ಬೆಳಕಿನಲ್ಲಿ ಆರಾಮಾಗಿ ಇರುತ್ತವೆ. ಕಲ್ಲನ್ನು ಮಗುಚಿದರೆ ಹೊಟ್ಟೆಯ ಕಡೆ ಹಸಿರು ಕಾಣುತ್ತದೆ.

ಇದನ್ನು ಮನೆಯಲ್ಲಿ ಹೇಳಿದಾಗ ಅವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಪಾಚಿ ನೋಡಾಕ ಇಷ್ಟು ಓದಬೇಕಾಗಿತ್ತೇನು? ನಮ್ಮ ಬಚ್ಚಲದಾಗ ಬೇಕಾದಷ್ಟು ಐತಿ," ಎಂದಿದ್ದಳು. ನನಗೆ ಸಿಟ್ಟು ಬೇಗ. ಎರಡು ದಿನ ಅವಳೊಂದಿಗೆ ಸರಿಯಾಗಿ ಮಾತಾಡಿರಲಿಲ್ಲ. ಆ ವಯಸ್ಸಿನಲ್ಲಿ ನನ್ನ ಕೆಲಸಕ್ಕೆ ಯಾರಾದರೂ ನಕ್ಕರೆ ಅವರಿಗೆ ತಿಳಿವಳಿಕೆ ಇಲ್ಲ ಎಂದುಕೊಳ್ಳುತ್ತಿದ್ದೆ.

ನನಗೆ ಬೇಕಾಗಿದ್ದದ್ದು ಬಹಳ ವರ್ಷ ಒಂದೇ ಮಗ್ಗುಲಲ್ಲಿ ಬಿದ್ದಿರುವ ಕಲ್ಲು. ಒಮ್ಮೆ ಹೊರಳಿದರೆ ಅದರ ಹಸಿರು ಬಿಸಿಲಿಗೆ ಸಿಕ್ಕು ಸಾಯುತ್ತದೆ, ಮತ್ತೆ ಕಟ್ಟಿಕೊಳ್ಳಲು ವರ್ಷಗಟ್ಟಲೆ ಬೇಕು. ನಮ್ಮ ಸೀಮೆಯಲ್ಲಿ ಅಂಥ ಕಲ್ಲು ಸಿಗುವುದು ಸುಲಭವಲ್ಲ. ಕುರಿ ಹೊರಳಿಸುತ್ತವೆ, ನೇಗಿಲು ಹೊರಳಿಸುತ್ತದೆ, ಏನೂ ಇಲ್ಲದಿದ್ದರೆ ದಾರಿಹೋಕರು ಕಾಲಿಂದ ಒದ್ದು ಹೋಗುತ್ತಾರೆ. ಕಿತ್ತೂರಿನಿಂದ ಹಿಡಿದು ಸವದತ್ತಿಯ ಗುಡ್ಡದವರೆಗೆ ಒಂದು ತಿಂಗಳು ಅಲೆದೆ. ಕೊನೆಗೆ ತೊರಗಲ್ ಕೋಟೆಯ ಗುಡ್ಡ ದಾಟಿ ಒಂದು ಸಣ್ಣ ಊರಿಗೆ ಬಂದೆ. ಆ ಊರಿನ ಹೆಸರು ಬರೆಯುವುದಿಲ್ಲ. ಮುಂದೆ ಬರುವ ಹೆಸರುಗಳನ್ನೂ ಬದಲಿಸಿದ್ದೇನೆ.

ಊರ ಕೆಳಗೆ ಕಪ್ಪು ಎರೆಮಣ್ಣಿನ ಹೊಲಗಳು, ಮೇಲೆ ಮಡ್ಡಿ. ಮಡ್ಡಿ ಎಂದರೆ ನೇಗಿಲು ಇಳಿಯದ, ಗರಸುಕಲ್ಲು ತುಂಬಿದ ದಿನ್ನೆ. ಏಪ್ರಿಲ್ ತಿಂಗಳಲ್ಲಿ ಅಲ್ಲಿ ಒಂದು ಬೇವಿನ ಗಿಡ ಬಿಟ್ಟರೆ ಹಸಿರೆಂಬುದೇ ಇರಲಿಲ್ಲ. ಅಲ್ಲಿ ದನ ಕಾಯುತ್ತಿದ್ದವನು ಯಮನಪ್ಪ. ಐವತ್ತರ ಹತ್ತಿರದ ತೆಳ್ಳಗಿನ ಮನುಷ್ಯ, ನಡೆದರೆ ನಾನು ಓಡಬೇಕಾಗುತ್ತಿತ್ತು. ನಾನು ಬಂದ ಕಾರಣ ಕೇಳಿ ಅವನು ನಗಲಿಲ್ಲ.

"ಯಾರೂ ಮುಟ್ಟಲಾರದ ಕಲ್ಲು ಬೇಕೇನು ತಂಗಿ? ಬಾ, ತೋರಸ್ತೇನಿ."

ಮಡ್ಡಿಯ ನಟ್ಟನಡುವೆ, ಕೆಳಗಿನಿಂದ ದಿನ್ನೆಯ ತಲೆಯವರೆಗೆ, ತೆಂಗಿನಕಾಯಿ ಗಾತ್ರದ ಬಿಳಿ ಕಲ್ಲುಗಳ ಒಂದು ಸಾಲು. ಅದು ಬಾಂದ, ಎಂದರೆ ಎರಡು ಪಾಲುಗಳ ನಡುವಿನ ಗಡಿ. ಯಮನಪ್ಪನ ಅಜ್ಜ ಮಡ್ಡಿಯನ್ನು ಎರಡು ಪಾಲು ಮಾಡಿ ತನ್ನ ಕೈಯಾರೆ ಇಟ್ಟ ಕಲ್ಲುಗಳಂತೆ. ಪಡುವಣ ಪಾಲು ಯಮನಪ್ಪನದು, ಮೂಡಣ ಪಾಲು ಅವನ ತಮ್ಮ ಭೀಮಪ್ಪನದು.

"ಇವನ್ನ ಮನಶ್ಯಾ ಮುಟ್ಟೂದಿಲ್ಲ," ಎಂದ ಯಮನಪ್ಪ. "ಬಾಂದದ ಕಲ್ಲು ಸರಸಿದಾಂವನ ಮನ್ಯಾಗ ಊರಾಗಿನ ಮಂದಿ ನೀರು ಕುಡಿಯೂದಿಲ್ಲ."

ಒಂದು ಕಲ್ಲನ್ನು ನಿಧಾನ ಮಗುಚಿದೆವು. ಹೊಟ್ಟೆಯ ಕಡೆ ದಪ್ಪಗೆ ಹಸಿರು ಹಿಡಿದಿತ್ತು. ಮೂರು ತಲೆಮಾರಿನ ಹಸಿರು. ನನಗೆ ಕುಣಿಯಬೇಕೆನ್ನಿಸಿತು.

ಭೀಮಪ್ಪ ಅಣ್ಣನಿಗಿಂತ ಏಳೆಂಟು ವರ್ಷ ಸಣ್ಣವನು, ಮಾತು ಖಡಕ್. ಇಬ್ಬರದೂ ಒಂದೇ ಮನೆ. ಒಲೆ ಬೇರೆಯಾಗಿದ್ದವು, ತಲೆಬಾಗಿಲು ಒಂದೇ ಇತ್ತು. ತಾಯಿ ಸಂಗವ್ವ ಭೀಮಪ್ಪನ ಒಲೆಯ ಕಡೆ ಇದ್ದಳು, ಆದರೆ ಎರಡೂ ಕಡೆ ಉಣ್ಣುತ್ತಿದ್ದಳು. ನಾನು ಒಪ್ಪಿಗೆ ಕೇಳಲು ಹೋದಾಗ ಭೀಮಪ್ಪ ಹೇಳಿದ: "ಎತ್ರಿ, ನೋಡ್ರಿ, ಏನರ ಕೆರಕೋರಿ. ಆದ್ರ ಒಂದು ಕಲ್ಲು ಎತ್ತಿ, ಅದನ್ನ ಅದರ ಕುಣ್ಯಾಗ ಇಟ್ಟು, ಆಮ್ಯಾಲ ಇನ್ನೊಂದಕ್ಕ ಕೈ ಹಚ್ಚಬೇಕು. ಎರಡು ಕಲ್ಲು ಒಮ್ಮೆಲೆ ನೆಲಾ ಬಿಡಬಾರದು."

"ಆತ್ರಿ," ಎಂದೆ. ಯಮನಪ್ಪ, "ನಾ ಇರತೇನಲ್ಲೋ ಮಾರಾಯಾ," ಎಂದ.

ಆ ಬೇಸಿಗೆಯ ದಿನಗಳು ನನ್ನ ಬದುಕಿನ ಬಹಳ ಒಳ್ಳೆಯ ದಿನಗಳಾಗಿದ್ದವು ಎಂದು ಹೇಳಲು ನಾಚಿಕೆಯಾಗುತ್ತದೆ, ಆದರೆ ಖರೇ. ರಾಮದುರ್ಗದಲ್ಲಿ ಒಂದು ಕೋಣೆ ಹಿಡಿದಿದ್ದೆ. ಬೆಳಗಿನ ಬಸ್ಸಿಗೆ ಬಂದು ಮಡ್ಡಿ ಏರುತ್ತಿದ್ದೆ. ಪ್ರತಿ ಕಲ್ಲಿಗೂ ಮೊದಲು ಕೈಗೆ, ಚಾಕುವಿಗೆ, ಚಿಮಟಿಗೆ ಸ್ಪಿರಿಟ್ ಹಚ್ಚಿ ಒರೆಸಬೇಕು, ಇಲ್ಲದಿದ್ದರೆ ನಮ್ಮ ಕೈಯ ಸೂಕ್ಷ್ಮಜೀವಿಗಳು ಅದಕ್ಕೆ ಸೇರಿ ಎಲ್ಲ ಕೆಡುತ್ತದೆ. "ಕಲ್ಲಿಗೂ ಇಂಜೆಕ್ಷನ್ ಮಾಡ್ತೀಯೇನ ತಂಗಿ?" ಎಂದು ಯಮನಪ್ಪ ಕೆಣಕುತ್ತಿದ್ದ. ಕಲ್ಲಿನ ಹೊಟ್ಟೆಯಿಂದ ಒಂದು ಚೂರು ಹಸಿರು ಕೆರೆದು ಡಬ್ಬಿಗೆ ಹಾಕಿ, ಹೊಟ್ಟೆಯ ಮೂಲೆಯಲ್ಲಿ ಸಣ್ಣದಾಗಿ ನಂಬರು ಬರೆದು, ಅಂಗಿಯ ಗುಂಡಿಯಷ್ಟು ಚಿಕ್ಕದೊಂದು ಯಂತ್ರವನ್ನು ಕಲ್ಲು ಕೂತಿದ್ದ ತಗ್ಗಿನಲ್ಲಿ, ಅದರ ಕುಣಿಯಲ್ಲಿ, ಇಟ್ಟು ಮೇಲೆ ಕಲ್ಲು ಮುಚ್ಚಬೇಕು. ಆ ಯಂತ್ರ ಕಲ್ಲಿನ ಕೆಳಗಿನ ಬಿಸಿಯನ್ನೂ ತೇವವನ್ನೂ ಬರೆದುಕೊಳ್ಳುತ್ತಿತ್ತು. ಹಸಿರು ಕೆರೆಯುವುದಂತೂ ಎರಡು ವಾರಕ್ಕೊಮ್ಮೆ ಮತ್ತೆ ಮತ್ತೆ ಮಾಡಬೇಕಾದ ಕೆಲಸ.

ಮಧ್ಯಾಹ್ನ ಯಮನಪ್ಪನ ಹೆಂಡತಿ ಗಂಗವ್ವ ಕೊಟ್ಟ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಬೇವಿನ ನೆರಳಲ್ಲಿ ಉಣ್ಣುತ್ತ ಯಮನಪ್ಪ ಮಂಗಳದ ಸುದ್ದಿ ಕೇಳುತ್ತಿದ್ದ.

"ಅಲ್ಲಿ ಹೊಲಾ ಯಾರ ಹೆಸರಿಲೆ ಅದಾವ?"

"ಯಾರ ಹೆಸರಿಲೆನೂ ಇಲ್ಲ ಕಾಕಾ."

"ಹಂಗಾದ್ರ ಅಣ್ಣ ತಮ್ಮರು ಆರಾಮ ಇರತಾರ ಬಿಡು."

ಒಂದು ದಿನ ಸಾಲಿನಲ್ಲಿಲ್ಲದ ಒಂದು ಚೂರು ಬೆಣಚುಕಲ್ಲನ್ನು ಸಂಗವ್ವನಿಗೆ ತೋರಿಸಲು ಮನೆಗೆ ಒಯ್ದಿದ್ದೆ. ಅವಳಿಗೆ ಪೊರೆ ಬಂದು ಕಣ್ಣು ಮಂಜಾಗಿದ್ದವು. ಹಸಿರು ಕಾಣಲಿಲ್ಲ, ಬೆರಳಾಡಿಸಿ ನೋಡಿದಳು. "ತಣ್ಣಗದ ನೋಡು," ಎಂದಳು. "ಒಳಗ ಜೀವ ಐತಿ ಅಂದ್ರ ಮತ್ತ ಇಟ್ಟು ಬಾರವ್ವಾ, ಯಾಕ ಕಿತಗೊಂಡು ಬಂದಿ?" ನಾನು ನಕ್ಕೆ. ಆಮೇಲೆ ಒಯ್ದು ಇಟ್ಟೆನೋ ಇಲ್ಲವೋ, ನೆನಪಿಲ್ಲ.

ಮೇ ತಿಂಗಳ ಕೊನೆಗೆ ಯಮನಪ್ಪ ತಾಯಿಯ ಕಣ್ಣಿನ ಆಪರೇಶನ್ನಿಗೆಂದು ರಾಮದುರ್ಗಕ್ಕೆ ಹೋದ. ದವಾಖಾನೆ, ಅಲ್ಲಿಂದ ನೆಂಟರ ಮನೆಯಲ್ಲಿ ಆರೈಕೆ, ಎಲ್ಲ ಸೇರಿ ಎಂಟು ದಿನ. ಹೋಗುವ ಮುಂಚೆ, "ಒಂದು ಎತ್ತು, ಒಂದು ಇಡು," ಎಂದು ಚಿಕ್ಕ ಮಕ್ಕಳಿಗೆ ಹೇಳುವಂತೆ ಹೇಳಿದ. ನನಗೆ ಅದೂ ಸಿಟ್ಟೇ. ನಾನೇನು ಸಾಲಿ ಕಲಿಯುವ ಹುಡುಗಿಯೇ ಎಂದುಕೊಂಡೆ.

ಮರುದಿನವೇ ನನ್ನ ಮಾರ್ಗದರ್ಶಕರು ಹೊರಗಿನ ಒಬ್ಬ ವಿಜ್ಞಾನಿಯನ್ನು ಕರೆದುಕೊಂಡು ಬರುವವರಿದ್ದರು. ದಿನ್ನೆಯ ಮೇಲಿನ ಹನ್ನೊಂದು ಕಲ್ಲುಗಳ ಕೆಲಸ ಬಾಕಿ ಉಳಿದಿತ್ತು. ಬಿಸಿಲು ಎಂಥದಿತ್ತೆಂದರೆ ಸ್ಪಿರಿಟ್ ಹಚ್ಚಿದ ಹತ್ತಿ ಕೈಯಲ್ಲೇ ಒಣಗುತ್ತಿತ್ತು. ಮೂರು ಕಲ್ಲು ಮುಗಿಸುವಷ್ಟರಲ್ಲಿ ತಲೆ ತಿರುಗತೊಡಗಿತು. ಆಗ ನಾನು ಮಾಡಿದ್ದು ಇಷ್ಟೇ: ಉಳಿದ ಎಂಟು ಕಲ್ಲುಗಳನ್ನು ಪ್ಲಾಸ್ಟಿಕ್ ಬುಟ್ಟಿಯಲ್ಲಿ ಎರಡೆರಡಾಗಿ ಹೊತ್ತು ಬೇವಿನ ನೆರಳಿಗೆ ತಂದೆ. ನೆರಳಲ್ಲಿ ಕೂತು ಆರಾಮಾಗಿ ಕೆರೆಯೋಣ, ಕುಣಿಗಳು ಎಲ್ಲಿಗೆ ಓಡಿಹೋಗುತ್ತವೆ ಎಂದುಕೊಂಡೆ.

ಕುಣಿಗಳು ಹೋದವು. ನಾನು ಕೆರೆಯುತ್ತ ಕೂತಿದ್ದಾಗ ದಿನ್ನೆಯ ಆಚೆಯಿಂದ ಒಂದು ದೊಡ್ಡ ಕುರಿಹಿಂಡು ಇಳಿದು ಬಾಂದದ ಮೇಲೆಯೇ ಹಾದುಹೋಯಿತು. ಧೂಳು ಅಡಗಿದ ಮೇಲೆ ಹೋಗಿ ನೋಡಿದರೆ ಗರಸೆಲ್ಲ ಕದಡಿಹೋಗಿತ್ತು. ಮೂರು ಕುಣಿ ಸಿಕ್ಕವು. ಐದು ಸಿಗಲಿಲ್ಲ. ಸಾಲು ನೇರವಾಗಿದ್ದರೆ ಕಣ್ಣಳತೆಯಿಂದ ಇಡಬಹುದಿತ್ತು, ಆದರೆ ಆ ಜಾಗದಲ್ಲಿಯೇ ಅದು ಬಾಗಿ ಏರುತ್ತಿತ್ತು. ನನ್ನ ಹತ್ತಿರ ಕೈಯಲ್ಲಿ ಹಿಡಿಯುವ ಜಿಪಿಎಸ್ ಇತ್ತು. ಪ್ರತಿ ಕಲ್ಲಿನ ಜಾಗವನ್ನೂ ಅದರಲ್ಲಿ ಮೊದಲೇ ಬರೆದುಕೊಂಡಿದ್ದೆ. ಅದನ್ನು ಹಿಡಿದು, ಅದು ತೋರಿಸಿದಲ್ಲಿ ಹೊಸ ಕುಣಿ ತೋಡಿ ಐದೂ ಕಲ್ಲು ಇಟ್ಟೆ.

ಆ ಯಂತ್ರ ಎರಡು ಮೂರು ಮಾರು ಅತ್ತಿತ್ತ ಹೇಳುತ್ತದೆಂಬುದು ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದ ತಪ್ಪಾಗಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಇಟ್ಟ ಮೇಲೆ ದೂರ ನಿಂತು ನೋಡಿದೆ. ಸಾಲು ಮೂಡಣಕ್ಕೆ, ಭೀಮಪ್ಪನ ಪಾಲಿನೊಳಗೆ, ಸ್ವಲ್ಪ ಹೊಟ್ಟೆ ಬಿಟ್ಟಂತೆ ಕಂಡಿತು. ಮೊದಲಿಂದಲೂ ಹೀಗೇ ಇದ್ದೀತು ಎಂದು ನನಗೆ ನಾನೇ ಹೇಳಿಕೊಂಡು ಬಸ್ಸಿಗೆ ಹೊರಟೆ.

ಮರುದಿನ ಬಂದ ದೊಡ್ಡವರು ನನ್ನ ಕೆಲಸ ನೋಡಿ ಮೆಚ್ಚಿದರು. ಯಮನಪ್ಪ ತಾಯಿಯೊಂದಿಗೆ ಮರಳುವ ಹೊತ್ತಿಗೆ ಮೊದಲ ಮಳೆ ಬಿದ್ದಿತ್ತು. ಊರಿಗೆ ಊರೇ ಎರೆಯ ಹೊಲಕ್ಕಿಳಿದು ಹೆಸರುಕಾಳು ಬಿತ್ತತೊಡಗಿತು. ಬಿತ್ತಿಗೆಯ ಕಾಲದಲ್ಲಿ ಮಡ್ಡಿಯತ್ತ ಯಾರು ಹೋಗುತ್ತಾರೆ? ಕಲ್ಲಿನ ಕೆಳಗಿನ ಯಂತ್ರಗಳನ್ನು ಮಳೆಯಲ್ಲೂ ಒಂದು ತಿಂಗಳು ಬಿಟ್ಟು ಆಮೇಲೆ ತೆಗೆಯುವುದೆಂದು ಗೊತ್ತುಮಾಡಿಕೊಂಡು ನಾನೂ ನನ್ನ ಊರಿಗೆ ಬಂದೆ.

ಜುಲೈಯಲ್ಲಿ ಯಂತ್ರ ತರಲು ಹೋದಾಗ ಮಡ್ಡಿಯ ಮೇಲೆ ಮಂದಿ ಸೇರಿದ್ದರು. ಒಂದು ಜೆಸಿಬಿ ನಿಂತಿತ್ತು. ಭೀಮಪ್ಪ ತನ್ನ ಪಾಲನ್ನು ಸಮ ಮಾಡಿ, ಕೆರೆಯ ಹೂಳು ಹಾಕಿಸಿ ಹೊಲ ಮಾಡಲು ಹೊರಟಿದ್ದ. ಬಾಂದ ನೋಡಿದರೆ ಐದು ಕಲ್ಲು ಅವನ ಪಾಲಿನೊಳಗೆ ಬಂದು ಕೂತಿವೆ. ಕಲ್ಲು ಒಳಗೆ ಬಂದಷ್ಟೂ ಅಣ್ಣನ ನೆಲ ಬೆಳೆದಿದೆ. ಬೇಸಿಗೆಯುದ್ದಕ್ಕೂ ಮಡ್ಡಿಯ ಮೇಲೆ ಓಡಾಡಿದವನು ಯಮನಪ್ಪ. ಮಂದಿಗೆ ಬೇರೆ ಲೆಕ್ಕ ಬೇಕಿರಲಿಲ್ಲ.

"ನಾ ಮುಟ್ಟಿಲ್ಲ," ಎಂದು ಯಮನಪ್ಪ ಹೇಳುತ್ತಿದ್ದ. ಎಷ್ಟನೆಯ ಸಲವೋ, ದನಿ ಬಿದ್ದುಹೋಗಿತ್ತು.

"ನೀ ಮುಟ್ಟಿಲ್ಲಂದ್ರ ಕಲ್ಲಿಗೆ ಕಾಲು ಬಂದ್ವೇನು?" ಎಂದ ಭೀಮಪ್ಪ.

ಊರ ಹಿರಿಯರೊಬ್ಬರು ನನ್ನ ಕಡೆ ತಿರುಗಿದರು. "ಅಕ್ಕಾರ, ಬ್ಯಾಸಗಿ ಪೂರ್ತಿ ನೀವು ಇಲ್ಲೇ ಇದ್ರಿ. ಯಾರರ ಕಲ್ಲು ಸರಸಿದ್ದು ನೋಡೀರೇನು?"

ಹೇಳಿಬಿಟ್ಟರೆ ಊರಿನವರು ಮತ್ತೆ ಮಡ್ಡಿಗೆ ಬಿಡುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಕದಲದ ಕಲ್ಲು ಎಂಬುದರ ಮೇಲೆಯೇ ನನ್ನ ಇಡೀ ಸಂಶೋಧನೆ ನಿಂತಿತ್ತು. ಐದು ಕಲ್ಲು ಕದಲಿಸಿದೆ ಎಂದರೆ ಮಾರ್ಗದರ್ಶಕರ ಮುಂದೆಯೂ ಹೇಳಬೇಕು. ಇಷ್ಟೆಲ್ಲವನ್ನೂ ಒಂದು ಉಸಿರಿನಲ್ಲಿ ಲೆಕ್ಕ ಹಾಕಿದೆ. ಆಮೇಲೆ ಹೇಳಿದೆ: "ಇಲ್ಲರಿ, ಯಾರೂ ಸರಸಿದ್ದು ನಾ ನೋಡಿಲ್ಲ."

ಅಕ್ಷರಶಃ ನೋಡಿದರೆ ಅದು ಸುಳ್ಳಲ್ಲ. ಆ ಜಾಣತನಕ್ಕೆ ನನಗೆ ಇವತ್ತಿಗೂ ಅಸಹ್ಯವಾಗುತ್ತದೆ.

ಹಿರಿಯರು ಸುಮ್ಮನಾಗಲಿಲ್ಲ. "ನೀವು ಎತ್ತಿದ ಕಲ್ಲು..." ಎಂದು ಶುರು ಮಾಡಿದರು. ಅಷ್ಟರಲ್ಲಿ ಯಮನಪ್ಪ ನಡುವೆ ಬಂದ. "ಆಕೀನ್ನ ಯಾಕ ಕೇಳತೀರಿ? ಆಕಿ ಓದಿದಾಕಿ. ಒಂದೊಂದು ಕಲ್ಲಿಗೂ ನಂಬರ ಹಾಕಿ, ಅದರ ಕುಣ್ಯಾಗ ಇಟ್ಟಾಳ. ನಾ ನೋಡೇನಿ. ನಮ್ಮ ಜಗಳದಾಗ ಆಕೀನ್ನ ಎಳೀಬ್ಯಾಡ್ರಿ." ಹೀಗೆ, ನನ್ನನ್ನು ಹಿಡಿಯಬಹುದಾಗಿದ್ದ ಒಂದೇ ಪ್ರಶ್ನೆಯನ್ನು ಅವನೇ ನಿಲ್ಲಿಸಿದ.

ಆ ಊರಿನಲ್ಲಿ ಒಂದು ಹಳೆಯ ರೂಢಿ ಇತ್ತು. ಬಾಂದದ ಜಗಳ ಬಗೆಹರಿಯದಿದ್ದರೆ, ಅನುಮಾನಕ್ಕೆ ಗುರಿಯಾದವನು ಮಿಂದು, ಒದ್ದೆ ಬಟ್ಟೆಯಲ್ಲಿ ಬಾಂದದ ಕಲ್ಲೊಂದನ್ನು ತಲೆಯ ಮೇಲೆ ಹೊತ್ತು, ತನ್ನ ಮನಸ್ಸಾಕ್ಷಿಗೆ ಗಡಿ ಎಲ್ಲಿದೆ ಎನ್ನಿಸುತ್ತದೋ ಅಲ್ಲಿ ನಡೆಯಬೇಕು. ಅವನು ನಡೆದದ್ದೇ ಗಡಿ. ಆಮೇಲೆ ಅದರ ಬಗ್ಗೆ ಯಾರೂ ತುಟಿ ಪಿಟ್ಟೆನ್ನುವಂತಿಲ್ಲ. ಸುಳ್ಳು ನಡೆದರೆ ವಂಶ ಉಳಿಯುವುದಿಲ್ಲವೆಂಬ ಭಯ. "ಹೊತ್ತು ನಡೀತೀಯೇನು?" ಎಂದು ಹಿರಿಯರು ಕೇಳಿದರು. ಯಮನಪ್ಪ ಬೋರಿನ ನೀರಲ್ಲಿ ಮಿಂದು ಬಂದ. ಆ ಐದರಲ್ಲಿ ಒಂದನ್ನು ಎತ್ತಿ ಅವನ ತಲೆಯ ಮೇಲಿಟ್ಟರು. ಇಡುವಾಗ ಕಲ್ಲಿನ ಹೊಟ್ಟೆಯಲ್ಲಿ ನಾನು ಬರೆದ ನಂಬರು ಕಂಡಿತು.

ಅವನು ಬರಿಗಾಲಲ್ಲಿ ಕೆಳಗಿನಿಂದ ನಡೆಯತೊಡಗಿದ. ಬಾಗುವ ಜಾಗಕ್ಕೆ ಬಂದಾಗ ಎಲ್ಲರೂ ಒಂದು ಹೆಜ್ಜೆ ಮುಂದೆ ಬಂದೆವು. ಅವನು ಐದು ಕಲ್ಲು ಇದ್ದಲ್ಲಿಯೂ ಹೋಗಲಿಲ್ಲ, ಅಜ್ಜ ಇಟ್ಟ ಹಳೆಯ ಸಾಲಿನಲ್ಲಿಯೂ ಹೋಗಲಿಲ್ಲ. ಪಡುವಣಕ್ಕೆ ತಿರುಗಿ, ತನ್ನದೇ ಪಾಲಿನೊಳಗೆ ನಾಲ್ಕು ಮಾರು ಸರಿದು ಅಲ್ಲಿಂದ ಮೇಲೆ ಏರಿದ. ಕಲ್ಲು ಇಳಿಸಿ, "ತಮ್ಮ ಅನುಮಾನ ಮಾಡಿದ ಜಾಗಾ ನನಗ ಬ್ಯಾಡ," ಎಂದ.

ಅವನು ದೊಡ್ಡ ಮನಸ್ಸಿನಿಂದ ಕೊಟ್ಟ. ಮಂದಿ ಅದನ್ನು ಬೇರೆಯಾಗಿ ಓದಿದರು. "ಸರಸಿರಲಿಲ್ಲಂದ್ರ ಯಾಕ ಕೊಡತಿದ್ದ?" ಎಂದು ನನ್ನ ಪಕ್ಕದಲ್ಲಿದ್ದ ಹೆಂಗಸು ಇನ್ನೊಬ್ಬಳಿಗೆ ಅಂದಳು. ಭೀಮಪ್ಪ ಅಣ್ಣನ ಮುಖ ನೋಡದೆ ಜೆಸಿಬಿಯವನಿಗೆ ಕೈ ಮಾಡಿದ.

ಯಮನಪ್ಪನೇ ನನ್ನ ಚೀಲ ಹೊತ್ತು ರಸ್ತೆಯವರೆಗೆ ಬಂದ. ನೆತ್ತಿಯ ಮೇಲೆ ಕಲ್ಲು ತರಚಿದ ಗಾಯವಿತ್ತು. "ಮಷಿನ್ ಎಲ್ಲಾ ತಗೊಂಡಿಯಲ್ಲ?" ಎಂದು ಕೇಳಿದ. ಹೂಂ ಎಂದೆ. ಹೇಳಬೇಕೆಂದು ಬಾಯಿ ತೆರೆದೆ, ಬಸ್ಸು ಬಂತು. ಬಸ್ಸು ಬಂತೆಂಬುದು ನೆಪ. ಬಸ್ಸು ಬರದಿದ್ದರೂ ನಾನು ಹೇಳುತ್ತಿರಲಿಲ್ಲ.

ಪ್ರಬಂಧ ಅಚ್ಚಾಯಿತು. ಮೂರು ತಲೆಮಾರಿನಿಂದ ಯಾರೂ ಕದಲಿಸದ ಕಲ್ಲುಗಳು ಎಂಬ ಮಾತು ಅದರಲ್ಲಿದೆ. ಆ ಐದೂ ಕಲ್ಲುಗಳ ಲೆಕ್ಕ ಅದರಲ್ಲಿ ಸೇರಿದೆ. ನನಗೆ ಪದವಿ ಬಂತು, ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಗಂಗವ್ವ ಒಮ್ಮೆ ಫೋನ್ ಮಾಡಿ, ಮನೆಯ ನಡುವೆ ಗೋಡೆ ಎದ್ದಿತೆಂದೂ, ಅತ್ತೆ ಸಂಗವ್ವ ಆಚೆ ಪಾಲಿಗೆ ಹೋದಳೆಂದೂ ಹೇಳಿದಳು. ಎರಡು ವರ್ಷದ ಮೇಲೆ ಯಮನಪ್ಪನೇ ಫೋನ್ ಮಾಡಿದ. "ಅವ್ವ ಹೋದಳು ತಂಗಿ." ಬರುತ್ತೇನೆ ಎಂದೆ. ಹೋಗಲಿಲ್ಲ. ಆಮೇಲೆ ಅವನ ಹೆಸರು ಫೋನಿನಲ್ಲಿ ಕಂಡರೆ ಎತ್ತುವುದನ್ನೇ ಬಿಟ್ಟೆ. ಅವನೂ ಮಾಡುವುದನ್ನು ಬಿಟ್ಟ.

ದವಾಖಾನೆಯಿಂದ ಬಂದ ವಾರದೊಳಗೆ ಪ್ರಬಂಧ ಅಚ್ಚುಮಾಡಿದವರಿಗೆ ನಿಜ ಬರೆದು, ತಿದ್ದುಪಡಿ ಹಾಕಿರೆಂದು ಕೇಳಿಕೊಂಡೆ. ಅದು ಸುಲಭವಾಗಿತ್ತು, ಅವರ ಮುಖ ನೋಡಬೇಕಾಗಿರಲಿಲ್ಲ. ಮರು ವಾರ ಸವದತ್ತಿಯಲ್ಲಿ ಬಸ್ಸು ಬದಲಿಸಿ ಆ ಊರಿಗೆ ಹೋದೆ.

ಮೊದಲಿದ್ದ ಒಂದು ತಲೆಬಾಗಿಲು ಈಗ ಎರಡಾಗಿತ್ತು. ಹೊರಗಿನ ಕಟ್ಟೆಯನ್ನೂ ಬಿಡದೆ ನಡುವೆ ಎದೆಯೆತ್ತರದ ಗೋಡೆ. ಈಚೆಯ ಕಟ್ಟೆಯ ಮೇಲೆ ಯಮನಪ್ಪ ಹಗ್ಗ ಹೊಸೆಯುತ್ತ ಕೂತಿದ್ದ. ಕೂದಲೆಲ್ಲ ಬೆಳ್ಳಗಾಗಿತ್ತು. "ಬಾ ತಂಗಿ, ಕುಂದರು," ಎಂದ, ನಿನ್ನೆ ಹೋಗಿ ಇವತ್ತು ಬಂದವಳಿಗೆ ಹೇಳುವಂತೆ. ಗಂಗವ್ವ ಹೊಲಕ್ಕೆ ಹೋಗಿದ್ದಳು. ನಾನು ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ. ಬಿಸಿಲು, ಬುಟ್ಟಿ, ಕುರಿಹಿಂಡು, ಐದು ಕಲ್ಲು, ಹಿರಿಯರ ಮುಂದೆ ನಾನು ಆಡಿದ ಮಾತು. ಹೇಳುವಾಗ ಅತ್ತೆ. ಅಳುವುದಕ್ಕೂ ನಾಚಿಕೆಯಾಯಿತು.

ಅವನ ಕೈ ನಿಂತವು, ಮತ್ತೆ ಹೊಸೆಯತೊಡಗಿದವು.

"ನಾ ಸರಸಿಲ್ಲ ಅನ್ನೂದು ನನಗ ಆಗ ಗೊತ್ತಿತ್ತು ತಂಗಿ," ಎಂದ. "ನನಗ ಹೇಳಿ ಏನು ಬಂತು? ಗೊತ್ತಾಗಬೇಕಾದಾಂವ ಗ್ವಾಡಿ ಆಚಿ ಅದಾನ."

ಹಗ್ಗದಿಂದ ಕಣ್ಣೆತ್ತದೆ, "ನೆಲಾ ಹೋದದ್ದಕ್ಕ ನನಗ ಬ್ಯಾಸರಿಲ್ಲ. ನಾ ಸರಸೇನಿ ಅಂತ ಅವ್ವನೂ ನಂಬಿದ್ಲಲ್ಲ, ಅದ ಒಂದು. ಸಾಯೂ ಮುಂದ ಮೂರು ದಿನಾ ಜ್ವರದಾಗ ಮಲಗಿದ್ಲು. ನನ್ನ ಒಮ್ಮೆನೂ ಕರೀಲಿಲ್ಲ," ಎಂದ.

ಗೋಡೆ ಸುತ್ತಿ ಆಚೆಗೆ ಹೋದೆ. ಭೀಮಪ್ಪ ಒಳಗೆ ಪಡಸಾಲೆಯಲ್ಲಿ ಕೂತು ಔಷಧಿ ಹೊಡೆಯುವ ಪಂಪು ಬಿಚ್ಚಿ ಒರೆಸುತ್ತಿದ್ದ. ಅವನಿಗೂ ಅದನ್ನೇ ಹೇಳಿದೆ, ಈ ಸಲ ಅಳದೆ. ಅವನ ಮುಖ ಕೆಂಪಾಯಿತು. ಎದ್ದು ನಿಂತ. ಹೊಡೆಯುತ್ತಾನೆಂದುಕೊಂಡೆ, ಹೊಡೆದಿದ್ದರೆ ಚೆನ್ನಾಗಿತ್ತು.

"ಯಾಕ ಬಂದ್ರಿ ಈಗ?" ಎಂದ. "ಇಷ್ಟು ವರ್ಷ ನಾ ಖರೇ ಅದೇನಿ ಅಂತ ಅನ್ನ ಉಂಡೇನ್ರಿ ಅಕ್ಕಾರ. ಈಗ ಬಂದು ಹೇಳತೀರಿ?"

ತಪ್ಪಾಯಿತು ಎಂದೆ. ಅವನು ಕೇಳಿಸಿಕೊಂಡಂತೆ ಕಾಣಲಿಲ್ಲ. ಕಂಬಕ್ಕೆ ಒರಗಿ ಮೆಲ್ಲಗೆ ಕುಸಿದು ಕೂತ. ಆಮೇಲೆ ದನಿ ತಗ್ಗಿಸಿ ಮಾತಾಡಿದ.

"ಅವ್ವ ಕರದಿದ್ಲು. 'ಯಮನಪ್ಪನ್ನ ಕರಿ, ಅಂವ ಅಂಥಾದ್ದು ಮಾಡಾಂವಲ್ಲ' ಅಂತ ಮೂರೂ ದಿನಾ ಅಂದ್ಲು. ನನಗ ಸಿಟ್ಟಿತ್ತು. ಹೊರಗ ಹೋಗಿ ನಿಂತು ಒಳಗ ಬಂದು, 'ಕರದೇನಿ ಬೇ, ಅಂವ ಬರವಲ್ಲ' ಅಂದೆ." ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. "ಬರವಲ್ಲ ಅನ್ನೂದನ್ನ ನಂಬಿ ಹೋದ್ಲು. ಇದನ್ನ ನೀವ ಅವಗ ಹೇಳ್ರಿ. ನನಗ ಬಾಯಿ ಬರೂದಿಲ್ಲ."

ಮತ್ತೆ ಗೋಡೆ ಸುತ್ತಿ ಬಂದೆ. ಯಮನಪ್ಪ ತಲೆ ಎತ್ತಿ, "ಏನಂದ?" ಎಂದ. ನಡುವಿನ ಆ ಹತ್ತು ಹೆಜ್ಜೆಯಲ್ಲಿ ಒಂದು ಮಾತನ್ನು ಬಿಟ್ಟುಬಿಡಬಹುದು, ಕರೆದಿದ್ದಳು ಎಂದಷ್ಟೇ ಹೇಳಿ ಉಳಿದದ್ದನ್ನು ನುಂಗಬಹುದು ಎಂಬ ಯೋಚನೆ ಬಂದಿತ್ತು. ನುಂಗಲಿಲ್ಲ. ಭೀಮಪ್ಪ ಹೇಳಿದ್ದನ್ನು ಹೇಳಿದಂತೆಯೇ ಹೇಳಿದೆ.

ಯಮನಪ್ಪ ಹಗ್ಗವನ್ನು ಪಕ್ಕಕ್ಕೆ ಇಟ್ಟ. ಕೂತ ಕಟ್ಟೆಯನ್ನು ಅಂಗೈಯಿಂದ ಒಮ್ಮೆ ಸವರಿದ.

"ಆ ಮೂರೂ ದಿನಾ ನಾ ಇಲ್ಲೇ ಕುಂತಿದ್ದೆ ತಂಗಿ," ಎಂದ. "ಹೊಲಕ್ಕನೂ ಹೋಗಿರಲಿಲ್ಲ. ಮೆಲ್ಲಕ ಕರದಿದ್ರೂ ಕೇಳಸತಿತ್ತು."

ಗೋಡೆಯ ಆಚೆ ಭೀಮಪ್ಪ ಅಳುತ್ತಿದ್ದುದು ನಮ್ಮಿಬ್ಬರಿಗೂ ಸ್ಪಷ್ಟವಾಗಿ ಕೇಳಿಸುತ್ತಿತ್ತು.